ಕಾಕನ ಹಿಂದೆ ಬಂದ ಬೆರಳುಗಳು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನನಗೇನೂ ನಷ್ಟವಿಲ್ಲ. ಆದರೆ ಹೆಸರು ಹಾಕಿದ ಕೂಡಲೇ ಇದು ಪೇಪರಿನ ಶ್ರದ್ಧಾಂಜಲಿಯ ಹಾಗಾಗುತ್ತದೆ. ಮೇಲೊಂದು ಫೋಟೊ, ಕೆಳಗೆ ನಾಲ್ಕು ಸುಳ್ಳು. ಸುಳ್ಯ ಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಬ್ಯಾರಿ ಮುಸ್ಲಿಮರ ಮನೆಗಳ ಮಕ್ಕಳಿಗೆ, ನಮ್ಮಂಥ ಗೌಡರಿಗೆ, ಬಸ್ಸಿನ ಕಂಡಕ್ಟರನಿಗೆ, ಎಲ್ಲರಿಗೂ ಅವರು ಕಾಕ, ಚಪ್ಪಲಿ ಅಂಗಡಿಯ ಕಾಕ. ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದಲ್ಲಿ ಕೆಳಗೆ ಅವರ ಅಂಗಡಿ, ಅದರ ತಲೆಯ ಮೇಲೆ ನನ್ನ ಹೊಲಿಗೆ ಅಂಗಡಿ. ನಾನು ಮಿಷನ್ ತುಳಿದರೆ ಅವರ ಮಾಡಿನ ಸಿಮೆಂಟು ಉದುರುತ್ತದೆ ಎಂದು ಅವರ ದೂರು, ಅವರ ಅಂಗಡಿಯ ರಬ್ಬರ್ ವಾಸನೆ ನನ್ನ ರೇಷ್ಮೆ ಬಟ್ಟೆಗಳಿಗೆ ಹಿಡಿಯುತ್ತದೆ ಎಂದು ನನ್ನ ದೂರು. ಹೀಗೆ ನಾವು ನೆರೆಕರೆ. ಹೋದ ತಿಂಗಳು ಅವರು ತೀರಿಕೊಂಡರು.

ಚಪ್ಪಲಿ ಮಾರುವ ಅವರ ಕ್ರಮ ನೋಡಬೇಕಿತ್ತು. ಬಂದವರನ್ನು ಬಗ್ಗಲು ಬಿಡುತ್ತಿರಲಿಲ್ಲ. ತಾನೇ ಮೊಣಕಾಲೂರಿ ಕುಳಿತು ಹಾಕಿ ಕೊಡುತ್ತಿದ್ದರು, ಅದು ಜಮೀನ್ದಾರರ ಕಾಲಾಗಲಿ, ಕೂಲಿಗೆ ಹೋಗುವ ಹೆಂಗಸಿನ ಕಾಲಾಗಲಿ. ಆಮೇಲೆ ಮಾರ್ಗದವರೆಗೆ ನಡೆದು ಬರಲು ಹೇಳುತ್ತಿದ್ದರು. ಕನ್ನಡಿಯ ಮುಂದೆ ನಿಂತು ಕಾಲು ತಿರುಗಿಸಿ ನೋಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಚಂದ ಆಮೇಲೆ ಮಾರಾಯ್ರೆ. ಮೊದಲು ನಡೀರಿ. ಕಚ್ಚುದುಂಟಾ ಇಲ್ವಾ, ನಿಮ್ಮ ಕಾಲು ಹೇಳ್ತದೆ" ಎನ್ನುತ್ತಿದ್ದರು. ಕಚ್ಚುವ ಚಪ್ಪಲಿಯನ್ನು ಗಿರಾಕಿ ಬೇಕೆಂದು ಹಟ ಹಿಡಿದರೂ ಕೊಡುತ್ತಿರಲಿಲ್ಲ. ಹೀಗೆ ವ್ಯಾಪಾರ ಮಾಡಿದರೆ ಉದ್ಧಾರ ಆದ ಹಾಗೆಯೇ ಎಂದು ನಾನು ಮೇಲಿನಿಂದಲೇ ಹೇಳಿದ್ದುಂಟು.

ಆದರೆ ಅವರ ನಿಜವಾದ ಆಸ್ತಿ ಚಪ್ಪಲಿ ಅಲ್ಲ ಎಂಬುದು ನನಗೆ ಗೊತ್ತಾದದ್ದು ತಡವಾಗಿ. ಅರಂತೋಡಿನಿಂದ ಚಿಕ್ಕ ಪ್ರಾಯದಲ್ಲೇ ಗಲ್ಫಿಗೆ ಹೋದವರು ಅವರು. ಅಲ್ಲಿ ಯಾವುದೋ ಕಂಪೆನಿಯ ಗೋಡೌನಿನಲ್ಲಿ ಸ್ಟೋರ್‌ಕೀಪರ್. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಪರದೇಶದ ಹುಡುಗ ಇಂಟರ್ನೆಟ್ಟಿನಲ್ಲಿ ಹೊಸದೊಂದು ಜಾಗ ತೋರಿಸಿದನಂತೆ. ಫೇಸ್‌ಬುಕ್ಕಿನ ಹಾಗೆಯೇ, ಬರೆಯಬಹುದು, ಫೋಟೊ ಹಾಕಬಹುದು. ವ್ಯತ್ಯಾಸ ಇಷ್ಟೇ: ಅಲ್ಲಿ ಲೈಕ್ ಬಿದ್ದರೆ ಹಣ. ಹಣ ಎಂದರೆ ನೋಟಲ್ಲ, ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಓಡಾಡುವ ಕ್ರಿಪ್ಟೊ ನಾಣ್ಯ. ಆಗ ಅಲ್ಲಿ ಜನವೇ ಇರಲಿಲ್ಲ, ಹಾಗಾಗಿ ಇದ್ದವರಿಗೆ ನಾಣ್ಯವನ್ನು ಹುರಿಗಡಲೆಯ ಹಾಗೆ ಹಂಚುತ್ತಿದ್ದರು. ಕಾಕ ಗೋಡೌನಿನ ಬೆಕ್ಕಿನ ಫೋಟೊ, ಮರಳುಗಾಳಿಯ ಫೋಟೊ ಹಾಕಿ ಸಿಕ್ಕಿದ್ದನ್ನೆಲ್ಲ ಮುಟ್ಟದೆ ಅಲ್ಲೇ ಬಿಟ್ಟಿದ್ದರು. ಊರಿಗೆ ಬಂದು ಅಂಗಡಿ ಹಾಕುವ ಹೊತ್ತಿಗೆ ಆ ನಾಣ್ಯಕ್ಕೆ ಬೆಲೆ ಬಂದಿತ್ತು.

ಬೆಲೆಗಿಂತ ಹೆಚ್ಚಾಗಿ ತೂಕ ಬಂದಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಜಾಗದಲ್ಲಿ ಎಲ್ಲರ ಲೈಕೂ ಒಂದೇ ಅಲ್ಲ. ನಾಣ್ಯ ಹೆಚ್ಚಿದ್ದವರ ಲೈಕಿಗೆ ಬೆಲೆ ಹೆಚ್ಚು. ಊರಿನ ಸಭೆಗೆ ಮೊದಲು ಬಂದು ಕುಳಿತವನಿಗೆ ನೂರು ಕೈ, ಆಮೇಲೆ ಬಂದವನಿಗೆ ಒಂದೇ ಕೈ ಎಂದು ಕಾನೂನು ಮಾಡಿದರೆ ಹೇಗೋ ಹಾಗೆ. ನಾನು ನನ್ನ ಬೆರಳಿನಿಂದ ಒತ್ತಿದರೆ ಒಂದು ಚಿಲ್ಲರೆ ಪೈಸೆಯೂ ಹುಟ್ಟುವುದಿಲ್ಲ. ಕಾಕ ಒತ್ತಿದರೆ ನಾನು ಇಡೀ ದಿನ ಹೊಲಿದಷ್ಟು ದುಡ್ಡು ಬರೆದವರ ಖಾತೆಗೆ ಬೀಳುತ್ತಿತ್ತು. ಅಂಥ ದೊಡ್ಡವರನ್ನು ಅಲ್ಲಿ ತಿಮಿಂಗಿಲ ಎಂದು ಕರೆಯುತ್ತಾರಂತೆ. ಕಡಲು ಕಾಣದ ನಮ್ಮ ಸುಳ್ಯದಲ್ಲಿ ಒಂದು ತಿಮಿಂಗಿಲ, ಅದೂ ಹವಾಯಿ ಚಪ್ಪಲಿಗಳ ನಡುವೆ!

ಬೆಲ್ಲ ಇದ್ದಲ್ಲಿಗೆ ಇರುವೆ ಬರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪುತ್ತೂರಿನ ಒಬ್ಬರು ನಿವೃತ್ತ ಮೇಷ್ಟ್ರು, ಆಲೆಟ್ಟಿಯ ಒಬ್ಬ ಜೀಪು ಡ್ರೈವರ್, ಕಡಬದ ಕಡೆಯ ಒಬ್ಬಳು ನರ್ಸ್, ಇನ್ನೂ ಎಷ್ಟೋ ಮಂದಿ ಅಲ್ಲಿ ಬರೆಯಲು ತೊಡಗಿದರು. ವಾಟ್ಸಾಪಿನಲ್ಲಿ ಗುಂಪಾಯಿತು. ಸಂಜೆಯ ನಮಾಜು ಮುಗಿಸಿ ಬಂದು ಕಾಕ ಸುಲೈಮಾನಿ ಚಹಾದ ಗ್ಲಾಸು ಇಟ್ಟುಕೊಂಡು ಮೊಬೈಲಿನಲ್ಲಿ ಎಲ್ಲರದ್ದನ್ನೂ ಓದುತ್ತಿದ್ದರು. ಓದುವಾಗ ತುಟಿ ಅಲುಗಾಡುತ್ತಿತ್ತು. ಪೂರ್ತಿ ಓದದೆ ಒತ್ತಿದವರಲ್ಲ. ಓದಿದ ಮೇಲೂ ಒಂದು ಮಾತು ಬರೆದವರಲ್ಲ. "ಚಂದ ಉಂಟು" ಎಂದು ಕೂಡ ಬರೆಯುತ್ತಿರಲಿಲ್ಲ. ಒತ್ತಿದರೆ ಒತ್ತಿದರು, ಇಲ್ಲವಾದರೆ ಇಲ್ಲ. ಅಂಗಡಿಯ ಮೆಟ್ಟಿಲಿನಲ್ಲಿ ಕುಳಿತು ತಮ್ಮ ಮೊಬೈಲು ನೋಡುತ್ತಾ ಕಾಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಲವರು ಬುದ್ಧಿವಂತರು ಚಪ್ಪಲಿ ಕೊಳ್ಳಲು ಶುರು ಮಾಡಿದರು. ಆ ಮೇಷ್ಟ್ರಂತೂ ಒಂದೇ ಮಳೆಗಾಲದಲ್ಲಿ ಎಷ್ಟು ಜೊತೆ ಕೊಂಡರೋ, ಅವರ ಮನೆಯಲ್ಲಿ ಶತಪದಿ ಇದ್ದರೂ ಸಾಲುತ್ತಿತ್ತು. ಕಾಕನಿಗೆ ಅರ್ಥವಾಯಿತು. ಅಂದಿನಿಂದ ಯಾರು ಚಪ್ಪಲಿ ಕೊಂಡರೋ ಅವರ ಬರಹವನ್ನು ಆ ವಾರ ತೆರೆದೇ ನೋಡುತ್ತಿರಲಿಲ್ಲ. "ಕಾಲಿನ ಲೆಕ್ಕ ಬೇರೆ, ಕೈಯ ಲೆಕ್ಕ ಬೇರೆ" ಎಂದರು. ಅವರ ಅಳಿಯನೂ ಬರೆಯುತ್ತಿದ್ದ. ಬ್ಯಾರಿಗಳ ಮನೆಯಲ್ಲಿ ಅಳಿಯ ಬಂದ ಎಂದರೆ ಹೇಗೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಊಟಕ್ಕೆ ಹಾಸುವ ಸುಫ್ರದ ಮೇಲೆ ಕೈಯಿಡಲು ಜಾಗ ಇಲ್ಲದಷ್ಟು ಬಗೆ. ಹಬ್ಬದ ದಿನ ಊಟಕ್ಕೆ ಕುಳಿತಲ್ಲಿ ಅಳಿಯ ಮೆಲ್ಲಗೆ ತನ್ನ ಹೊಸ ಬರಹದ ಸುದ್ದಿ ಎತ್ತಿದನಂತೆ. ಕಾಕ ತಟ್ಟೆಗೆ ಮತ್ತೊಂದು ಕೋಳಿಕಾಲು ಹಾಕಿ ಹೇಳಿದರಂತೆ: "ಕೋಳಿ ಬೇಕಾದಷ್ಟು ತಿನ್ನು. ಲೈಕ್ ಕೇಳ್ಬೇಡ." ಇದನ್ನು ಅವರೇ ನನಗೆ ಹೇಳಿ ನಕ್ಕದ್ದು. ಅಳಿಯ ಆಮೇಲೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲವಂತೆ, ಆ ಜಾಗದ ಕಡೆ ತಲೆ ಹಾಕುವುದನ್ನೂ ಬಿಟ್ಟನಂತೆ.

ಹಾಗೆಂದು ಅವರನ್ನು ಸಂತ ಮಾಡಲು ನಾನು ಹೊರಟಿಲ್ಲ. ನಾಣ್ಯದ ಬೆಲೆ ಏರಿ ಆಕಾಶ ಮುಟ್ಟಿದಾಗ ಮಾರಿ ಎಂದು ಎಲ್ಲರೂ ಹೇಳಿದರು. ಅವರ ಜೊತೆ ಗಲ್ಫಿನಿಂದ ಬಂದವರೆಲ್ಲ ಮಾರ್ಗದ ಬದಿಯಲ್ಲಿ ಎರಡಂತಸ್ತಿನ ಮನೆ ಕಟ್ಟಿದ್ದರು. ಇವರ ಮನೆಯ ಗೋಡೆಗೆ ಬಣ್ಣ ಕೂಡ ಇಲ್ಲ. "ತೆಗೆದ್ರೆ ನನ್ನ ಲೈಕಿಗೆ ತೂಕ ಎಲ್ಲಿಂದ?" ಎಂದರು. ಗುಂಪಿನವರ ಹೊಟ್ಟೆಪಾಡಿಗಾಗಿ ಎಂದು ಅವರು ನಂಬಿದ್ದರು. ನಾನು ನಂಬಲಿಲ್ಲ. ಆ ತೂಕ ಅವರಿಗೆ ಇಷ್ಟವಾಗಿತ್ತು. ಅಷ್ಟು ವರ್ಷ ಗೋಡೌನಿನಲ್ಲಿ "ಏಯ್" ಎಂದು ಕರೆಸಿಕೊಂಡ ಮನುಷ್ಯನಿಗೆ ಮೇಷ್ಟ್ರುಗಳು ಬಾಗಿಲಲ್ಲಿ ಕಾಯುವುದು ಹಿತವಾಗದೆ ಇರುತ್ತದೆಯೇ? ನನಗಾಗಿದ್ದರೂ ಆಗುತ್ತಿತ್ತು.

ಇನ್ನೊಂದು ವಿಷಯವನ್ನು ಗುಂಪಿನವರು ಬೇಗ ಕಂಡುಹಿಡಿದಿದ್ದರು: ತಾಯಿಯ ಬಗ್ಗೆ ಬರೆದರೆ ಕಾಕ ಕರಗುತ್ತಾರೆ. ಅವರು ಗಲ್ಫಿನಲ್ಲಿದ್ದಾಗ ಅವರ ಉಮ್ಮ ತೀರಿಕೊಂಡಿದ್ದರು. ರಜೆ ಸಿಗದೆ ಮುಖ ನೋಡಲು ಆಗಿರಲಿಲ್ಲ. ಅಷ್ಟು ಗೊತ್ತಾದದ್ದೇ ತಡ, ಸುಳ್ಯ ಪುತ್ತೂರು ಕಡಬದ ತಾಯಂದಿರೆಲ್ಲ ಸಾಲಾಗಿ ಸಾಯತೊಡಗಿದರು, ಬರಹದಲ್ಲಿ. ಒಬ್ಬಳು ಗಂಜಿ ಬಡಿಸುತ್ತಾ ಸತ್ತರೆ ಇನ್ನೊಬ್ಬಳು ಮಗನ ಫೀಸು ಕಟ್ಟಿ ಸತ್ತಳು. ಜೀಪಿನವನ ತಾಯಿ ಅವನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದಳು. ಕಾಕ ಅದಕ್ಕೆ ಒತ್ತಿ, ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೆ. ಒಂದು ಶನಿವಾರ ಆಲೆಟ್ಟಿಯಿಂದ ಒಬ್ಬಳು ಗಟ್ಟಿಮುಟ್ಟಾದ ಮುದುಕಿ ಚಪ್ಪಲಿಗೆಂದು ಬಂದಳು. ಮಾತಿಗೆ ಮಾತು ಬಂದು, ಮಗ ಯಾರು ಎಂದು ಕೇಳಿದರೆ, ಜೀಪಿನವ! ಕಾಕ ಏನೂ ಹೇಳದೆ ಚಪ್ಪಲಿ ಹಾಕಿ, ಮಾರ್ಗದವರೆಗೆ ನಡೆಸಿ, ಕಚ್ಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಳುಹಿಸಿದರು. ಸಂಜೆ ಜೀಪಿನವ ಬಂದಾಗ, "ನಿನ್ನ ಅಮ್ಮನಿಗೆ ಏಳು ನಂಬರ್ ಸರಿ ಆಗ್ತದೆ ಮಾರಾಯ. ತೀರಿಹೋದವರಿಗೆ ನಾನು ಚಪ್ಪಲಿ ಮಾರಿದ್ದು ಇದೇ ಮೊದಲು" ಎಂದರು. ಮೇಲೆ ನಾನು ನಗು ತಡೆಯಲಾರದೆ ಬಾಯಿಗೆ ಬಟ್ಟೆ ಇಟ್ಟುಕೊಂಡೆ. ಕಾಕ ಮಾತ್ರ ನಗಲಿಲ್ಲ. ತನ್ನ ಉಮ್ಮನ ನೆನಪನ್ನು ಹಿಡಿದು ತನ್ನನ್ನೇ ಮಂಗ ಮಾಡಿದರು ಎಂಬುದು ಅವರಿಗೆ ತುಂಬ ನೋವು ಕೊಟ್ಟಿತ್ತು. ಅಂದಿನಿಂದ ಅವರು ಸಂಶಯದ ಮನುಷ್ಯ ಆದರು. ಆ ಜಾಗದಲ್ಲಿ ಮೇಲೆ ಒತ್ತುವ ಹಾಗೆ ಕೆಳಗೆ ಒತ್ತುವುದೂ ಉಂಟು. ಒತ್ತಿದರೆ ಬರಹಕ್ಕೆ ಬಂದ ಹಣ ಹೋಗುತ್ತದೆ, ಬರೆದವರ ಮರ್ಯಾದೆಯ ಅಂಕವೂ ಇಳಿಯುತ್ತದೆ. ಅಲ್ಲಿವರೆಗೆ ಮುಟ್ಟದ ಆ ಗುಂಡಿಯನ್ನು ಅವರು ಒತ್ತತೊಡಗಿದರು.

ಇನ್ನು ನನ್ನ ವಿಷಯ. ಕರೆಂಟು ಹೋದಾಗ ಕೆಳಗಿಳಿದು ಅವರ ಅಂಗಡಿಯಲ್ಲಿ ಕುಳಿತು ನಾನು ಹೇಳುತ್ತಿದ್ದ ಕತೆಗಳನ್ನು ಕೇಳಿ, "ಟೈಲರಕ್ಕ, ಇದನ್ನೆಲ್ಲ ಬರೀರಿ" ಎಂದವರು ಕಾಕನೇ. ನಾನೂ ನಾಲ್ಕಾರು ಬರೆದೆ. ಅದರಲ್ಲಿ ಒಂದು, ಕಡಬದ ಒಬ್ಬಳು ಬ್ಯಾರಿ ಹುಡುಗಿಯದ್ದು. ಅವಳ ಮದುವೆಯ ಉಡುಪನ್ನು ಹೊಲಿದವಳು ನಾನು. ಮದುವೆಗೆ ಎರಡು ದಿನ ಇರುವಾಗ ಗಂಡಿನ ಕಡೆಯವರು ಬೇಡವೆಂದರು. ಮನೆಯವರು ಉಡುಪನ್ನು ಕಣ್ಣಿಗೆ ಕಾಣದ ಹಾಗೆ ಎಲ್ಲಿಯಾದರೂ ಹಾಕಿಬಿಡಿ ಎಂದು ನನಗೇ ಕಳುಹಿಸಿದ್ದರು. ಕೆಲವು ತಿಂಗಳು ಕಳೆದು ಹುಡುಗಿ ಒಬ್ಬಳೇ ಬಸ್ಸು ಹತ್ತಿ ಬಂದಳು. ನನ್ನ ಎದುರು ಕುಳಿತು ಆ ಉಡುಪಿನ ಹೊಲಿಗೆಯನ್ನೆಲ್ಲ ತನ್ನ ಕೈಯಾರೆ ಬಿಚ್ಚಿದಳು. ಅಳಲಿಲ್ಲ. ಆ ಬಟ್ಟೆಯಲ್ಲಿ ಅವಳ ಅಣ್ಣನ ಮಕ್ಕಳಿಗೆ ಹಬ್ಬದ ಅಂಗಿ ಹೊಲಿದೆವು, ಇಬ್ಬರೂ ಸೇರಿ. ಬರೆಯಲೇ ಎಂದು ಅವಳನ್ನೇ ಕೇಳಿ, ಅವಳು ಬರೀರಿ ಎಂದ ಮೇಲೆ ಬರೆದದ್ದು. ನಾನು ಬರೆದದ್ದರಲ್ಲಿ ನನಗೆ ಮೆಚ್ಚಿಗೆಯಾದದ್ದು ಅದೊಂದೇ.

ಬರೆದು ಹಾಕಿ ಹೊಲಿಯಲು ಕುಳಿತೆ. ಸಂಜೆ ಮೊಬೈಲು ತೆಗೆದರೆ ನನ್ನ ಬರಹವೇ ಇಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಪಟ್ಟಿ. ಕಾಕ ಕೆಳಗೆ ಒತ್ತಿದ್ದರು. ಅಷ್ಟೇ ಆಗಿದ್ದರೆ ಒಂದು ಮಾತು. ದೊಡ್ಡವರು ಎಲ್ಲಿ ಒತ್ತುತ್ತಾರೋ ಅಲ್ಲಿ ಒತ್ತಿದವರಿಗೂ ಒಂದು ಪಾಲು ಸಿಗುತ್ತದೆ. ಹಾಗಾಗಿ "ಇವರು ಹೇಗೆ ಒತ್ತುತ್ತಾರೋ ನನ್ನ ಲೆಕ್ಕದಲ್ಲೂ ಹಾಗೆಯೇ ಒತ್ತಿಬಿಡು" ಎಂದು ಮಿಷನಿಗೆ ಹೇಳಿಟ್ಟ ಜನ ಎಷ್ಟೋ ಇದ್ದರು, ಇಲ್ಲಿಯೂ, ಹೊರದೇಶಗಳಲ್ಲಿಯೂ. ಕಾಕನ ಒಂದು ಬೆರಳು ಬಿದ್ದ ಕೂಡಲೇ ಅವರೆಲ್ಲರ ಬೆರಳು ತಾನಾಗಿ ಬಿದ್ದಿತ್ತು. ಕನ್ನಡದ ಅಕ್ಷರ ಬಾರದವರು, ಸುಳ್ಯ ಎಲ್ಲಿ ಉಂಟು ಎಂದು ತಿಳಿಯದವರು ನನ್ನನ್ನು ಕಳ್ಳಿ ಎಂದು ತೀರ್ಮಾನಿಸಿ ನಿದ್ದೆ ಮಾಡುತ್ತಿದ್ದರು. ವಾಟ್ಸಾಪಿನಲ್ಲಿ ಮೇಷ್ಟ್ರು ಬರೆದಿದ್ದರು: "ಕದ್ದು ಬರೆಯುವವರಿಗೆ ಕಾಕನಿಂದ ತಕ್ಕ ಪಾಠ." ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎನ್ನುತ್ತಾರಲ್ಲ, ಟೈಲರುಗಳ ಬಗ್ಗೆ ಊರಿಗೆ ಇರುವ ನಂಬಿಕೆಯೂ ಅದೇ. ಕೊಟ್ಟ ಬಟ್ಟೆಯಲ್ಲಿ ತುಂಡು ಉಳಿಸಿಕೊಳ್ಳುತ್ತೇವೆ ಎಂದು. ನಾನು ಅಂಗಡಿ ಇಟ್ಟ ದಿನದಿಂದ ಬೆರಳಗಲದ ಚೂರನ್ನೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಹೊಲಿದ ಬಟ್ಟೆಯ ಜೊತೆ ವಾಪಸು ಕೊಡುತ್ತೇನೆ. ಅಜ್ಜಾವರದಿಂದ ದಿನಾ ಬಸ್ಸಿನಲ್ಲಿ ಬಂದು ಸಂಪಾದಿಸಿದ್ದು ಅದೊಂದು ಹೆಸರು. ಆ ವಾರ ಒಬ್ಬಳು ಗಿರಾಕಿ ಅಂಗಡಿಯಲ್ಲೇ ನಿಂತು ತೊಟ್ಟೆ ಬಿಚ್ಚಿ ಚೂರುಗಳನ್ನು ನೋಡಿದಳು. ಮೊದಲು ಯಾರೂ ಹಾಗೆ ನೋಡಿದವರಲ್ಲ.

ಆ ಗಿರಾಕಿ ಮೆಟ್ಟಿಲು ಇಳಿದ ಕೂಡಲೇ ನಾನೂ ಇಳಿದೆ. ಅಂಗಡಿ ತುಂಬ ಜನ. ಇರಲಿ ಎಂದುಕೊಂಡೆ.

"ಕಾಕ, ನಾನು ಎಂತ ಕದ್ದದ್ದು? ಎಲ್ಲರ ಎದುರು ಹೇಳಿ."

ಅವರು ತಲೆ ಎತ್ತದೆ ಹೇಳಿದರು, "ಆ ಮದುವೆ ಉಡುಪಿನ ಕತೆ ನಾನು ಮೊದಲೇ ಓದಿದ್ದೇನೆ ಟೈಲರಕ್ಕ. ಮಲಯಾಳದಲ್ಲಿ. ಕಾಸರಗೋಡಿನ ಒಬ್ಬ ಅವನ ಉಮ್ಮನ ಬಗ್ಗೆ ಬರ್ದದ್ದು. ಅವನ ಉಮ್ಮ ಟೈಲರ್. ನಿಮ್ಮದರಲ್ಲಿ ಉಮ್ಮನ ಜಾಗಕ್ಕೆ ನೀವು. ಬೇರೆ ಎಂತ ಇಲ್ಲ."

"ನನಗೆ ಮಲಯಾಳ ಓದ್ಲಿಕ್ಕೆ ಬರ್ತದಾ ಕಾಕ?"

"ಓದಿ ಹೇಳುವವರು ಇರ್ಬಹುದು."

"ಆ ಹುಡುಗಿ ಸತ್ತಿಲ್ಲ. ಕಡಬದಲ್ಲಿ ಉಂಟು. ಬಸ್ಸುಂಟು. ಹೋಗಿ ಕೇಳಿ. ಕೇಳಿ ಬಂದು ಆಮೇಲೆ ಕಳ್ಳಿ ಅಂತ ಹೇಳಿ!" ಎಂದು ಹೇಳಿ ಹತ್ತಿ ಬಂದೆ. ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅದು ಬೇರೆ ವಿಷಯ.

ಮರುದಿನ ಚಪ್ಪಲಿ ಅಂಗಡಿ ತೆರೆಯಲಿಲ್ಲ. ಅದರ ಮಾರನೆಯ ದಿನ ಮಧ್ಯಾಹ್ನ ನನ್ನ ಮೆಟ್ಟಿಲಿನಲ್ಲಿ ಯಾರೋ ಉಸಿರು ಬಿಡುತ್ತಾ, ನಿಂತು ನಿಂತು ಹತ್ತುವ ಸದ್ದು. ಕಾಕ. ಮಂಡಿನೋವಿನವರು, ಅಷ್ಟು ವರ್ಷದಲ್ಲಿ ಮೇಲೆ ಬಂದದ್ದೇ ಇಲ್ಲ. ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ.

"ಹೋಗಿ ಕೇಳಿದೆ" ಎಂದರು. "ಅವಳಿಗೆ ಈಗ ಮದುವೆಯಾಗಿ ಒಂದು ಮಗು ಉಂಟು. 'ಟೈಲರಕ್ಕ ನನ್ನ ಹತ್ರ ಕೇಳಿಯೇ ಬರ್ದದ್ದು' ಹೇಳಿದ್ಲು. ಆ ಕಾಸರಗೋಡಿನವ ಅವಳ ಸಂಬಂಧದವನೇ. ಹಬ್ಬಕ್ಕೆ ಬಂದಾಗ ಮಕ್ಕಳ ಅಂಗಿ ನೋಡಿ ಕತೆ ಕೇಳಿ, ಹೋಗಿ ಉಮ್ಮನ ಹೆಸರಲ್ಲಿ ಬರ್ದದ್ದು. ಅವನ ಉಮ್ಮನಿಗೆ ಸೂಜಿಗೆ ನೂಲು ಹಾಕ್ಲಿಕ್ಕೆ ಬರುದಿಲ್ಲವಂತೆ. ಕದ್ದವನಿಗೆ ನಾನು ಮೇಲೆ ಒತ್ತಿದೆ ಟೈಲರಕ್ಕ. ನಿಮಗೆ ಕೆಳಗೆ ಒತ್ತಿದೆ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿಟ್ಟೆ.

"ಕಡಬದವರೆಗೆ ಹೋಗ್ಬೇಕಂತಲೇ ಇರ್ಲಿಲ್ಲ. ಒಂದು ಮಾಳಿಗೆ ಹತ್ತಿ ನಿಮ್ಮ ಹತ್ರ ಕೇಳಿದ್ರೆ ಮುಗೀತಿತ್ತು. ಹತ್ತಲಿಲ್ಲ. ಒತ್ತುದು ಸುಲಭ ಅಲ್ವಾ, ಒತ್ತಿದೆ."

ತನ್ನ ಬೆರಳನ್ನು ಅವರು ಹಿಂದೆ ತೆಗೆದುಕೊಂಡಿದ್ದರು. ಆದರೆ ಹಿಂದೆ ಬಂದ ಬೆರಳುಗಳು ಹಾಗೆಯೇ ಇದ್ದವು. ಒತ್ತುವಾಗ ಹಿಂಬಾಲಿಸುವ ಮಿಷನ್ ತೆಗೆಯುವಾಗ ಹಿಂಬಾಲಿಸುವುದಿಲ್ಲವಂತೆ. ಅದನ್ನು ಒಬ್ಬೊಬ್ಬರೂ ತಾವೇ ತೆಗೆಯಬೇಕು. ಹೊರದೇಶದವರಿಗೆ ಕಾಕ ಆಗಲೇ ಬರೆದು ಕೇಳಿದ್ದರು. ಕೆಲವರು ಉತ್ತರವನ್ನೇ ಕೊಟ್ಟಿರಲಿಲ್ಲ. ಒಬ್ಬ, ನಾನು ಯಾರಿಗೂ ಏನೂ ಒತ್ತಿಲ್ಲವಲ್ಲ ಎಂದು ಇವರನ್ನೇ ಕೇಳಿದನಂತೆ.

"ಒಂದು ದಾರಿ ಉಂಟು. ದಿನಾ ನಿಮ್ಮ ಬರಹಕ್ಕೆ ಮೇಲೆ ಒತ್ತುತ್ತೇನೆ. ನನ್ನ ಹಿಂದೆ ಎಲ್ಲರೂ ಬರ್ತಾರೆ. ಸ್ವಲ್ಪ ಸಮಯದಲ್ಲಿ ಎಲ್ಲ ಸರಿ ಆಗ್ತದೆ. ನಿಮಗೆ ದುಡ್ಡೂ ಆಗ್ತದೆ" ಎಂದರು.

ನನಗೆ ಮೈ ಉರಿಯಿತು. "ಬೇಡ ಕಾಕ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ರು ಅಂತ ಹೇಳ್ತಾರೆ. ನನಗೆ ನಿಮ್ಮ ಬೆರಳು ಬೇಡ. ನಿಮಗೆ ಬಾಯಿ ಇಲ್ವಾ? ಕದ್ದದ್ದಲ್ಲ ಅಂತ ಬಾಯಿಬಿಟ್ಟು ಹೇಳಿ."

ಅವರು "ಸರಿ" ಎಂದು ಹೇಳಿ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಇಳಿದರು.

ಗುಂಪಿಗೆ ಒಂದು ಮೆಸೇಜು ಹಾಕಿ ಮುಗಿಸುತ್ತಾರೆ ಎಂದುಕೊಂಡಿದ್ದೆ. ಮುಗಿಸಲಿಲ್ಲ. ಅಂಗಡಿಯನ್ನು ಅರ್ಧ ದಿನ ಮುಚ್ಚಿ ಒಬ್ಬೊಬ್ಬರ ಮನೆಗೆ ಹೋದರು. ಆಲೆಟ್ಟಿಗೆ ಜೀಪಿನವನ ಮನೆಗೆ, ಕಡಬದ ನರ್ಸಿನ ಮನೆಗೆ, ಪುತ್ತೂರಿಗೆ. ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆ ಆ ಕಾಲೆಳೆದುಕೊಂಡು ನಡೆದೇ. ಹೋಗಿ ಹೇಳಿದ್ದು ಇಷ್ಟೇ: "ಅವಳು ಕದ್ದದ್ದಲ್ಲ. ನಾನು ಕೇಳದೆ ಒತ್ತಿದ್ದು. ನಿನ್ನ ಬೆರಳನ್ನೂ ತೆಗಿ." ಪುತ್ತೂರಿನ ಮೇಷ್ಟ್ರು ಕುಳ್ಳಿರಿಸಿ, ಚಹಾ ಕೊಟ್ಟು, ಎಲ್ಲವನ್ನೂ ಕೇಳಿ, "ಅದಿರಲಿ ಕಾಕ, ನನ್ನ ಹೊಸದು ಓದಿದ್ರಾ?" ಎಂದರಂತೆ. ಇದನ್ನು ಹೇಳುವಾಗ ಕಾಕನ ಮುಖ ನೋಡಲು ನನಗಾಗಲಿಲ್ಲ. "ನನ್ನ ಮಾತು ಅವರ ಕಿವಿಗೆ ಹೋಗುದಿಲ್ಲ ಟೈಲರಕ್ಕ. ಅವರು ನನ್ನ ಬೆರಳು ಮಾತ್ರ ನೋಡುದು. ಇಷ್ಟು ವರ್ಷ ನನ್ನ ಹತ್ರ ಮಾತಾಡಿದ್ದು ಯಾರು ಹಾಗಾದ್ರೆ?" ಎಂದರು.

ಆಮೇಲೆ ಅವರು ಆ ಜಾಗದಲ್ಲಿ ಮೊದಲ ಸಲ ಕನ್ನಡದಲ್ಲಿ ಬರೆದರು. ಏಳನೆಯ ತರಗತಿಯವರೆಗೆ ಓದಿದವರ ಕನ್ನಡ. ತಾನು ತಪ್ಪಾಗಿ ಒತ್ತಿದ್ದು, ಟೈಲರ್ ಕದ್ದಿಲ್ಲ, ಇನ್ನು ಮೇಲೆ ತಾನು ಮೇಲೆಯೂ ಒತ್ತುವುದಿಲ್ಲ ಕೆಳಗೆಯೂ ಒತ್ತುವುದಿಲ್ಲ ಎಂದು ಬರೆದು, ನಾಣ್ಯವನ್ನು ಹೊರಗೆ ತೆಗೆಯಲು ಹಾಕಿದರು. ಅದು ಒಮ್ಮೆಲೇ ಬರುವುದಿಲ್ಲ, ವಾರಕ್ಕಿಷ್ಟು ಎಂದು ಕಂತಿನಲ್ಲಿ ಬರುವುದು. ಒಂದೊಂದು ಕಂತು ಬಂದಂತೆ ತೂಕ ಇಳಿಯಿತು. ಅದೇ ಸಮಯಕ್ಕೆ ನಾಣ್ಯದ ಬೆಲೆಯೂ ಕುಸಿದಿತ್ತು. ಕೈಗೆ ಎಷ್ಟು ಸಿಕ್ಕಿತೆಂದು ನಾನು ಕೇಳಲಿಲ್ಲ. ಮನೆಗೆ ಬಣ್ಣವಂತೂ ಬರಲಿಲ್ಲ. ಆ ಕಾಸರಗೋಡಿನವನಿಗಾದರೂ ಒಂದು ಕೆಳಗೆ ಒತ್ತಿ ಹೋಗಬಾರದಿತ್ತೇ ಎಂದು ನಾನು ಕೇಳಿದೆ. "ಅವನಿಗೆ ಬರ್ದಿದ್ದೇನೆ. ಉತ್ತರ ಇಲ್ಲ. ಒತ್ತುದಿಲ್ಲ. ಒತ್ತಿ ಒತ್ತಿ ನನಗೆ ಮಾತಾಡ್ಲಿಕ್ಕೆ ಮರ್ತುಹೋಗಿದೆ" ಎಂದರು. ನನಗೆ ಸಮಾಧಾನ ಆಗಲಿಲ್ಲ. ಈಗಲೂ ಇಲ್ಲ.

ಅಂಗಡಿಯ ಮೆಟ್ಟಿಲು ಖಾಲಿಯಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಗುಂಪಿನವರು ನನ್ನನ್ನು ದಾರಿಯಲ್ಲಿ ಕಂಡರೆ ಮುಖ ತಿರುಗಿಸಿದರು. ಈಗ ನಾನು ಕಳ್ಳಿ ಎಂದಲ್ಲ, ಕಾಕನ ಲೈಕು ನಿಂತದ್ದು ನನ್ನಿಂದ ಎಂದು. ಇದನ್ನು ಕೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀಪಿನವನೊಬ್ಬ ಮಾತ್ರ ಬಂದು, ಬೆರಳು ತೆಗೆದಿದ್ದೇನೆ ಅಕ್ಕ ಎಂದು ಹೇಳಿಹೋದ.

ಕಾಕ ಆಮೇಲೆ ಮೇಲೆ ಹತ್ತಿ ಬರುವುದನ್ನು ರೂಢಿ ಮಾಡಿಕೊಂಡರು. ನಾನು ಏನಾದರೂ ಬರೆದೆ ಎಂದು ಗೊತ್ತಾದರೆ ಸಾಕು, ಮಂಡಿ ಹಿಡಿದುಕೊಂಡು ಬರುತ್ತಿದ್ದರು. ಓದಿಸಿ ಕೇಳುತ್ತಿದ್ದರು. ಮೊದಮೊದಲು ಎರಡು ಮಾತು ಹೇಳಲೂ ತಡವರಿಸುತ್ತಿದ್ದರು. ಬರಬರುತ್ತಾ ನಾಲಗೆ ಸಡಿಲವಾಯಿತು. "ಇಲ್ಲಿ ನೀವು ನಿಮ್ಮನ್ನೇ ಹೊಗಳುದು ಜಾಸ್ತಿ ಆಯ್ತು ಮಾರಾಯ್ತಿ" ಎನ್ನುತ್ತಿದ್ದರು. "ಇದು ಕಚ್ಚುತ್ತದೆ, ಇಲ್ಲಿ ಬಿಚ್ಚಿ ಪುನಃ ಹೊಲೀರಿ." ನನಗೆ ಸಿಟ್ಟು ಬರುತ್ತಿತ್ತು, ಜಗಳವಾಡುತ್ತಿದ್ದೆ, ಅವರು ಹೋದ ಮೇಲೆ ಬಿಚ್ಚಿ ಹೊಲಿಯುತ್ತಿದ್ದೆ. ತಪ್ಪಾಯಿತು, ಕ್ಷಮಿಸಿ ಎಂಬ ಮಾತು ನಮ್ಮಿಬ್ಬರ ನಡುವೆ ಬಂದದ್ದಿಲ್ಲ. ಮನೆಯಲ್ಲೂ ಅವರು ಈ ವಿಷಯ ಹೇಳಿರಲಿಲ್ಲ, "ಹೇಳಿದ್ರೆ ಅಳಿಯನ ಎದುರು ನನಗೆ ತಲೆ ಎತ್ತಲಿಕ್ಕುಂಟಾ?" ಎಂದಿದ್ದರು.

ಹೋದ ವರ್ಷ ಲಕ್ವ ಹೊಡೆದು ಅವರಿಗೆ ಒಂದು ಬದಿ ಬಿದ್ದುಹೋಯಿತು. ಪುತ್ತೂರಿನಲ್ಲಿ ಮಗಳ ಮನೆಯಲ್ಲಿಟ್ಟು ಮದ್ದು ಮಾಡಿಸಿದರು. ನಾನು ಒಮ್ಮೆ ಹೋದೆ, ಮಲಗಿ ನಿದ್ದೆಯಲ್ಲಿದ್ದರು, ಎಬ್ಬಿಸಬೇಡಿ ಎಂದು ಹೇಳಿ ಬಂದೆ. ಮತ್ತೆ ಬಂದದ್ದು ತೀರಿಹೋದ ಸುದ್ದಿ. ಕತ್ತರಿ ಅಲ್ಲೇ ಬಿಟ್ಟು ಅರಂತೋಡಿಗೆ ಹೋದೆ. ಗಂಡಸರು ಅಂಗಳದಲ್ಲಿ, ನಾವು ಹೆಂಗಸರು ಒಳಗೆ. ಅವರ ಹೆಂಡತಿ ನನ್ನನ್ನು ಹತ್ತಿರ ಕುಳ್ಳಿರಿಸಿಕೊಂಡು ಕೈ ಹಿಡಿದರು.

"ನೀನು ಮೇಲಿನ ಅಂಗಡಿಯವಳಲ್ವಾ ಮಗಳೇ? ನಿನಗೆ ಗೊತ್ತಿರ್ಬಹುದು. ಕೊನೆಗೆ ಅವರಿಗೆ ಯಾರ ಗುರ್ತವೂ ಇರ್ಲಿಲ್ಲ. ನನ್ನದು ಸಹ ಇರ್ಲಿಲ್ಲ. ಆದ್ರೆ ಬಂದವರಿಗೆಲ್ಲ ಒಂದೇ ಮಾತು. ಡಾಕ್ಟರಿಗೆ, ಹಾಲು ತರುವವನಿಗೆ, ಮಗಳ ಮಕ್ಕಳಿಗೆ. 'ಅವಳು ಕದ್ದದ್ದಲ್ಲ. ನಾನು ಕೇಳದೆ ಒತ್ತಿದ್ದು.' ನಮ್ಮ ಮನೆಯಲ್ಲಿ ಯಾವತ್ತೂ ಕಳ್ಳತನ ಆದದ್ದಿಲ್ಲ. ಯಾರು ಮಗಳೇ ಅವಳು? ಎಂತ ಕದ್ದದ್ದಲ್ಲ?"

ಆ ಮನುಷ್ಯನಿಗೆ ಹೆಂಡತಿಯ ಮುಖ ಮರೆತುಹೋಗಿತ್ತು, ಮನೆ ಮನೆಗೆ ಹೋಗುವ ಕೆಲಸ ಮಾತ್ರ ಮುಗಿದಿರಲಿಲ್ಲ.

"ಅದು ನಾನು" ಎಂದೆ.

ಅವರು ನನ್ನ ಮುಖವನ್ನು ನೋಡಿದರು. ಏನು, ಯಾಕೆ ಎಂದು ಕೇಳಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಮಾತು ನಿಂತಿತು. ಮಯ್ಯತ್ತನ್ನು ಮಣ್ಣು ಮಾಡಲು ಎತ್ತುವ ಮೊದಲು ಮನೆಯವರೊಬ್ಬರು ನಿಂತು ಕೇಳುವ ಕ್ರಮ ಉಂಟು ಅವರಲ್ಲಿ. ಅಳಿಯ ನಿಂತಿದ್ದ. "ಮಾವನಿಂದ ಯಾರಿಗಾದ್ರೂ ಬಾಕಿ ಉಂಟಾದ್ರೆ ನನ್ನ ಹತ್ರ ಹೇಳಿ, ನಾನು ತೀರಿಸ್ತೇನೆ. ಅವರ ಮಾತಿನಿಂದ, ಕೈಯಿಂದ ಯಾರಿಗಾದ್ರೂ ನೋವಾಗಿದ್ರೆ ದಯಮಾಡಿ ಮನ್ನಿಸಿ" ಎಂದ. ಹೇಳುತ್ತಾ ಅವನ ಸ್ವರ ಒಡೆಯಿತು. ಗಂಡಸರು ಮನ್ನಿಸಿದ್ದೇವೆ ಎಂದು ಮೆಲ್ಲಗೆ ಹೇಳಿದ್ದು ಒಳಗೆ ಕೇಳಿತು.

ಅವರ ಹೆಂಡತಿ ನನ್ನ ಕೈಯನ್ನು ಬಿಗಿ ಹಿಡಿದರು. "ಅವರೆಲ್ಲ ಹೇಳಿ ಎಂತ ಆಗ್ಲಿಕ್ಕುಂಟು ಮಗಳೇ? ನೀನು ಹೇಳ್ಬೇಕು. ಅವರಿಗೆ ಕೇಳುವ ಹಾಗೆ ಹೇಳು" ಎಂದರು.

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಹೊರಗೆ ಬಿಳಿ ಬಟ್ಟೆ ಹೊದೆಸಿ ಮಲಗಿಸಿದ್ದರು. ಸುತ್ತ ನಿಂತವರಲ್ಲಿ ಜೀಪಿನವನೂ ಇದ್ದ, ಪುತ್ತೂರಿನ ಮೇಷ್ಟ್ರೂ ಇದ್ದರು.

"ಕಾಕ, ನಾನು ಮನ್ನಿಸಿದ್ದೇನೆ" ಎಂದೆ. "ನೀವು ಎಲ್ಲರಿಗೂ ಹೇಳಿ ಆಯ್ತು. ಇನ್ನು ಯಾರಿಗೂ ಹೇಳ್ಲಿಕ್ಕಿಲ್ಲ."

ಅಂಗಳದಲ್ಲಿದ್ದ ಗಂಡಸರೆಲ್ಲ ಕಿಟಕಿಯ ಕಡೆ ತಿರುಗಿದರು. ಮೇಷ್ಟ್ರು ತಲೆ ತಗ್ಗಿಸಿದರು. ಅಳಿಯ ಒಮ್ಮೆ ನನ್ನ ಕಡೆ ನೋಡಿ, ಬಗ್ಗಿ ಮಂಚಕ್ಕೆ ಹೆಗಲು ಕೊಟ್ಟ. ಅವರು ಎತ್ತಿದರು.